ಹುಂಜ ಮತ್ತು ಹೇಂಟೆಯ ಹಲಗೆಗಳು

ಪೈನ್ ಮರದ ಹೊಟ್ಟಿಗೆ ಜೌಗುಮಣ್ಣು ಬೆರೆತ ವಾಸನೆ ಬಂದರೆ ತುಯಿಸ್ಕುವಿಗೆ ಇಂದಿಗೂ ಅಜ್ಜಿಯ ಹಿತ್ತಿಲ ಕಕ್ಕಸು ನೆನಪಾಗುತ್ತದೆ. ಗುಂಡಿಗೆ ನೀರಿನ ಬದಲು ಅದನ್ನೇ ಸುರಿಯುತ್ತಿದ್ದರು. ಸರೋವರಕ್ಕೆ ಮುಖ ಮಾಡಿದ ಒಂದೇ ಬಾಗಿಲು. ಅಜ್ಜ, ಅಜ್ಜಿ, ಅಂಚೆಯವಳು, ಪಾದ್ರಿ, ಎಲ್ಲರೂ ಅದಕ್ಕೇ ಹೋಗುತ್ತಿದ್ದರು. ಒಳಗಿದ್ದವರು ಹಾಡು ಗುನುಗಿದರೆ ಹೊರಗಿದ್ದವರು ಕಾಯುತ್ತಿದ್ದರು, ಅಷ್ಟೇ.

ಫಿನ್ನರ ಆ ಸರೋವರದ ಊರಿನಲ್ಲಿ ತುಯಿಸ್ಕು ಈಗ ಬಡಗಿ. ತಾವು ಗಂಡೂ ಅಲ್ಲ, ಹೆಣ್ಣೂ ಅಲ್ಲ ಎಂದು ಊರಿಗೆ ಹೇಳಿ ಕೆಲವು ವರ್ಷಗಳಾಗಿದ್ದವು. ಊರು ತಲೆಯಾಡಿಸಿ ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಟ್ಟಿತ್ತು. ತೊಡಕಿದ್ದದ್ದು ಬಾಗಿಲುಗಳಲ್ಲಿ. ದಂಡೆಯ ಮೇಲಿನ ಕುಣಿತದ ಚಾವಡಿಗೆ ಎರಡು ಕಕ್ಕಸು. ಗಂಡಸರದಕ್ಕೆ ಹುಂಜದ ಚಿತ್ರದ ಹಲಗೆ, ಹೆಂಗಸರದಕ್ಕೆ ಹೇಂಟೆಯದು. ಹೇಂಟೆಯ ಬಾಗಿಲಲ್ಲಿ ಪರವೂರ ಹೆಂಗಸರು ಹುಬ್ಬೇರಿಸುತ್ತಿದ್ದರು, ಹುಂಜದ ಬಾಗಿಲಲ್ಲಿ ಗಂಡಸರು ಮಾತು ನಿಲ್ಲಿಸುತ್ತಿದ್ದರು. ಹಾಗಾಗಿ ಅಲ್ಲಿಗೆ ಹೋದ ದಿನ ತುಯಿಸ್ಕು ನೀರನ್ನೂ ಕುಡಿಯದೆ, ಕುಣಿತ ಶುರುವಾಗುವ ಮೊದಲೇ ಸೈಕಲ್ ಹತ್ತಿಬಿಡುತ್ತಿದ್ದರು. ಕುಣಿತವೆಂದರೆ ಅವರಿಗೆ ಪ್ರಾಣ.

ಆ ಬೇಸಿಗೆಯಲ್ಲಿ ಹಳೆಯ ಕಕ್ಕಸುಗಳು ಕುಸಿದವು. ಊರವರೆಲ್ಲ ಮುಯ್ಯಾಳಿನಂತೆ ಸೇರಿ ಹೊಸ ಎರಡನ್ನು ಕಟ್ಟಿದರು. ಕೂಲಿಯಿಲ್ಲ, ದಿನವಿಡೀ ಕಾಫಿ, ಕೊನೆಗೆ ಬಟಾಣಿ ಸಾರು. ಬಾಗಿಲು ಕೂರಿಸುವ ಕೆಲಸ ತುಯಿಸ್ಕುವಿನದು.

ಅಡುಗೆ ನೋಡಿಕೊಳ್ಳುತ್ತಿದ್ದ ಮುದುಕಿ ಹಿಲ್ಕ ಕಾಫಿಯ ಕೆಟಲು ಹಿಡಿದು ಬಂದಳು.

"ಮತ್ತೆ ಬೇಡ ಅಂತೀಯಲ್ಲ. ನನ್ನ ಮೇಲೆ ಕೋಪಾನಾ, ಇಲ್ಲ ಹುಷಾರಿಲ್ವಾ?"

"ಎರಡೂ ಅಲ್ಲ ಹಿಲ್ಕಜ್ಜಿ. ಆಮೇಲೆ ಕುಡೀತೀನಿ."

ಫಿನ್ನರಲ್ಲಿ ಕಾಫಿ ಬೇಡವೆನ್ನುವುದು ಸಣ್ಣ ಮಾತಲ್ಲ. ಹಿಲ್ಕ ಕೆಟಲನ್ನೊಮ್ಮೆ, ಹೊಸ ಬಾಗಿಲುಗಳನ್ನೊಮ್ಮೆ ನೋಡಿ, ಅಡುಗೆಮನೆಗೆ ನಡೆದಳು.

ಸ್ವಲ್ಪ ಹೊತ್ತಿಗೆ ಚಾವಡಿಯ ಉಸ್ತುವಾರಿ ತೌನೋ ಮೊಳೆ ಹಿಡಿದು ಹುಡುಕಾಡತೊಡಗಿದ.

"ಹುಂಜ ಹೇಂಟೆ ಎಲ್ಲಿ ಹೋದ್ವು? ಇಲ್ಲೇ ಇಟ್ಟಿದ್ದೆ."

"ಸಾರಿನ ಪಾತ್ರೆ ಕೆಳಗಿವೆ," ಅಂದಳು ಹಿಲ್ಕ. "ಬಿಸಿ ಪಾತ್ರೆ ಇಡೋಕೆ ಏನಾದ್ರೂ ಬೇಕಲ್ಲ. ಅಷ್ಟು ಬೇಕು ಅಂದ್ರೆ ನೀನೇ ಎತ್ತಿ ತಗೋ."

"ಮತ್ತೆ ಯಾವುದು ಯಾರದ್ದು ಅಂತ ಜನಕ್ಕೆ ಹೇಗೆ ಗೊತ್ತಾಗುತ್ತೆ?"

"ನಿಮ್ಮನೇಲಿ ಹೇಗೆ ಗೊತ್ತಾಗುತ್ತೆ? ಮದುವೆ ಆದಾಗಿಂದ ನೀನೂ ಐಲಾನೂ ಒಂದಕ್ಕೇ ಹೋಗ್ತಿದೀರಿ. ಹಲಗೆ ಹೊಡೆದಿದ್ದು ನಾ ಕಾಣೆ."

"ಹೊಡೀಬೇಕಿತ್ತು," ಎಂದಳು ತೌನೋನ ಹೆಂಡತಿ ಐಲಾ, ಈರುಳ್ಳಿ ಹೆಚ್ಚುತ್ತಾ. "ಪೇಪರ್ ಹಿಡ್ಕೊಂಡು ಒಳಗೆ ಹೋದ್ರೆ ಈ ಮನುಷ್ಯ ಊಟದ ಹೊತ್ತಿಗೇ ಬರೋದು."

ಎಲ್ಲರೂ ನಕ್ಕರು. ತೌನೋ ತಲೆ ಕೆರೆದುಕೊಂಡು ತುಯಿಸ್ಕುವಿನ ಕಡೆ ತಿರುಗಿದ.

"ಅಗುಳಿ ಗಟ್ಟಿ ಇದ್ಯಾ?"

"ಗಟ್ಟಿ ಇದೆ."

"ಹಾಗಾದ್ರೆ ಸಾಕು ಬಿಡು." ಮೊಳೆಗಳು ಜೇಬು ಸೇರಿದವು.

ತುಯಿಸ್ಕು ತಾವಾಗಿಯೇ ಹೋಗಿ ಕಾಫಿ ಕೇಳಿದರು. ಮತ್ತೊಂದು ಲೋಟವನ್ನೂ ಕುಡಿದರು. ಆಮೇಲೆ ಹತ್ತಿರವಿದ್ದ ಬಾಗಿಲನ್ನು ತೆರೆದು ಒಳಗೆ ಹೋಗಿ ಅಗುಳಿ ಹಾಕಿಕೊಂಡರು. ಅದೇ ಹೊಟ್ಟು, ಅದೇ ಮಣ್ಣಿನ ವಾಸನೆ. ಯಾರೋ ಹೊರಗೆ ಬಂದು ನಿಂತ ಸದ್ದಾಯಿತು. ತುಯಿಸ್ಕು ಮೆಲ್ಲಗೆ ಗುನುಗಿದರು. ಹೊರಗಿದ್ದವರು ಕಾದರು.

ಕೈತೊಳೆದು ಬರುವಾಗ ಚಾವಡಿಯಲ್ಲಿ ಅಕಾರ್ಡಿಯನ್ ಶ್ರುತಿ ಹಿಡಿಯುತ್ತಿತ್ತು. ಸೈಕಲ್ ಬರ್ಚ್ ಮರಕ್ಕೆ ಒರಗಿಯೇ ಇತ್ತು. ತುಯಿಸ್ಕು ಮೆಟ್ಟಿಲ ಮೇಲೆ ಕುಳಿತು ಬೂಟಿನ ಮಣ್ಣು ಒರೆಸಿಕೊಳ್ಳುತ್ತಿದ್ದಾಗ ಹಿಲ್ಕ ಬಂದು, ಅಂಚಿಗೆ ಅರೆದ ಸಾಸಿವೆ ಹಚ್ಚಿದ ಸಾರಿನ ಬಟ್ಟಲನ್ನು ಅವರ ಕೈಗಿಟ್ಟಳು.