ಎಡಗೈ ಹೆಬ್ಬೆಟ್ಟು

"ಕೈ ಇನ್ನೂ ಮೆತ್ತಗದ. ಸೆಟೆಯೋದ್ರೊಳಗ ಒತ್ತಿಸಿಬಿಡ್ತೀನಿ. ಸ್ವಲ್ಪ ಸರೀರಿ ಅತ್ತಿಗಿ."

ಭೀಮರಾಯ ಶಾಯಿ ಡಬ್ಬಿಯ ಮುಚ್ಚಳ ತೆಗೆದು ಅಣ್ಣನ ಹೆಣದ ಮುಂದೆ ಕುಕ್ಕರಿಸಿದ. ಪಡಸಾಲೆಯ ಗೋಡೆಗೆ ಒರಗಿಸಿ, ಹಣೆ ತುಂಬ ವಿಭೂತಿ ಬಳಿದು, ಲಿಂಗಣ್ಣನನ್ನು ಕೂಡಿಸಿದ್ದರು. ಕಲ್ಯಾಣಮ್ಮ ಗಂಡನ ಪಕ್ಕದಿಂದ ಕದಲಲಿಲ್ಲ.

ಮೈದುನನ ತೊಡೆಯ ಮೇಲಿದ್ದವು ನಾಲ್ಕು ವರ್ಷಗಳಿಂದ ಸಲ್ಲಿಸದೆ ಉಳಿದ ಆದಾಯ ತೆರಿಗೆಯ ಕಾಗದಗಳು. ಯಾದಗಿರಿಯ ಗಂಜ್ ಮಾರುಕಟ್ಟೆಯಲ್ಲಿ ಶೇಂಗಾ ವ್ಯಾಪಾರ ನಡೆಸಿದ ಅಣ್ಣನ ಗಳಿಕೆಯನ್ನು ಅವನು ಅರ್ಧಕ್ಕಿಳಿಸಿ ಬರೆಸಿ ತಂದಿದ್ದ. ಲಕ್ವಾ ಹೊಡೆದು ಬಲಗೈ ಬಿದ್ದ ಮೇಲೆ ಲಿಂಗಣ್ಣ ಸಹಿಯ ಬದಲು ಎಡಗೈ ಹೆಬ್ಬೆಟ್ಟನ್ನೇ ಒತ್ತುತ್ತಿದ್ದ.

"ನಿನ್ನಿ ತಾರೀಖು ಹಾಕಿದ್ರ ಯಾರಿಗೆ ಗೊತ್ತಾಗ್ತದ?" ಎಂದ ಭೀಮರಾಯ.

"ನಿಜಾಮನ ಕಾಲದಾಗ ಇಂಥ ಪಂಚಾತಿ ಇದ್ದಿಲ್ಲವ್ವಾ," ಎಂದಳು ನೆರೆಮನೆಯ ಗುರುಲಿಂಗಮ್ಮ. "ಈ ಸರ್ಕಾರದವರು ಸತ್ತವರನ್ನೂ ಬಿಡವಲ್ರು."

ಬಾಗಿಲಲ್ಲಿ ನಿಂತಿದ್ದ ಅಂಗಡಿಯ ಲೆಕ್ಕ ಬರೆಯುವ ಮುನೀಮ ಖಾಜಾಮಿಯಾ ತಲೆಯೆತ್ತಿದ. "ಸತ್ತವರ ಹೆಬ್ಬೆಟ್ಟು ಒತ್ತಿಸಾಕ ಬಂದವರು ಸರ್ಕಾರದವರಲ್ಲವ್ವಾ. ಸ್ವಂತ ತಮ್ಮ."

*

ಶಿವರಾತ್ರಿಯ ಮರುದಿನ ಲಿಂಗಣ್ಣ ಹಾಸಿಗೆಯಿಂದಲೇ ಖಾಜಾಮಿಯಾನನ್ನು ಕರೆಸಿದ್ದ. ಕಲ್ಯಾಣಮ್ಮ ಗಂಜಿ ಕುಡಿಸುತ್ತಿದ್ದಳು. ನಾಲಿಗೆ ತೊದಲುತ್ತಿದ್ದರೂ ಮಾತು ಖಚಿತವಾಗಿತ್ತು.

"ನಿಜಾಮನ ರಜಾಕಾರರು ಬಾಗಲಾ ಬಡದಾಗ ನಡಗಿಕೋತ ರೊಕ್ಕ ಎಣಿಸಿಕೊಟ್ಟೆ. ರಸೀದಿ ಕೇಳಲಿಲ್ಲ. ನಮ್ಮದೇ ಸರ್ಕಾರ ಕಾಗದ ಬರದು ಕೇಳಿದ್ರ ನಾಲ್ಕು ವರ್ಷ ಕಿವುಡ ಆದೆ. ಬಡಿಯೋರಿಗಷ್ಟ ಕೊಡೋ ಮಂದಿ ಏನು ನಾವು?"

"ದಂಡ ಬಿದ್ರ ಅಂಗಡಿ ಹೋದೀತ್ರಿ ಸಾವ್ಕಾರ್ರ."

"ಹೋಗಲಿ. ಖರೇನ ಬರಿ."

ಖಾಜಾಮಿಯಾ ಬರೆದ. ಕಾಗದ ಸಿದ್ಧವಾದ ದಿನವೇ ಲಿಂಗಣ್ಣನ ಮಾತು ನಿಂತಿತು. ಮರುದಿನ ಬೆಳಗಿನ ಜಾವ, ಹೆಬ್ಬೆಟ್ಟು ಒತ್ತುವ ಮೊದಲೇ, ಉಸಿರೂ ನಿಂತಿತು.

*

ಭೀಮರಾಯ ಎಡಗೈ ಹಿಡಿದೆಳೆದ. ಮುಷ್ಟಿಗೆ ಬಿಳಿ ಅರಿವೆ ಬಿಗಿದಿತ್ತು.

"ಅದರಾಗ ಅವರ ಇಷ್ಟಲಿಂಗ ಅದ," ಎಂದಳು ಕಲ್ಯಾಣಮ್ಮ.

"ಒಂದು ಗಳಿಗಿ ಬಿಚ್ಚಿ, ಮತ್ತ ಕಟ್ಟೋಣು."

"ಲಿಂಗ ಸರಿಸಿ, ಆ ಕೈಲೆ ಸುಳ್ಳು ಒತ್ತಿಸ್ತೀ?"

ಭೀಮರಾಯನ ಮುಖ ಕೆಂಪಾಯಿತು.

"ಅಂಗಡಿ ಹೋದ್ರ ಏನು ತಿಂತೀರಿ? ಮಣ್ಣು?"

ಅಂಗಡಿ ಬಿಟ್ಟರೆ ಕಲ್ಯಾಣಮ್ಮನಿಗೆ ಬೇರೆ ಆಸರೆಯಿರಲಿಲ್ಲ. ಗಂಡನ ಕಟ್ಟಿದ ಮುಷ್ಟಿಯನ್ನು ನೋಡಿದಳು. ಆಮೇಲೆ ಬಾಗಿಲ ಕಡೆ ತಿರುಗಿದಳು.

"ಖಾಜಾಭಾಯಿ, ಅವರು ಬರಿಸಿದ ಕಾಗದ ಎಲ್ಲಿ ಅವ?"

ಖಾಜಾಮಿಯಾ ಶೇರವಾನಿಯ ಒಳಗಿಂದ ತೆಗೆದ.

"ವಾರಸುದಾರರ ಹೆಬ್ಬೆಟ್ಟು ನಡೀತದೇನು?"

"ನಡೀತದ್ರಿ ಅವ್ವಾ. ಆದ್ರ ದಂಡಾನೂ ನಿಮ್ಮ ಕೊರಳಿಗೇ ಬರ್ತದ."

ಕಲ್ಯಾಣಮ್ಮ ಮೈದುನನ ಕೈಯಿಂದ ಶಾಯಿ ಡಬ್ಬಿ ತೆಗೆದುಕೊಂಡಳು. ಒಂದೊಂದು ವರ್ಷದ ಕಾಗದಕ್ಕೂ ಹೆಬ್ಬೆಟ್ಟನ್ನು ಬಲವಾಗಿ ಒತ್ತಿದಳು. ಯಾರೂ ತಡೆಯಲಿಲ್ಲ.

ಇಳಿಹೊತ್ತಿಗೆ ಲಿಂಗಣ್ಣನನ್ನು ಸಮಾಧಿಯಲ್ಲಿ ಕೂಡಿಸಿದರು. ಬಂದವರೆಲ್ಲ ವಿಭೂತಿ ಗಟ್ಟಿಗಳನ್ನು ಇಳಿಸಿದರು. ಕಡೆಗೆ ಕಲ್ಯಾಣಮ್ಮ ಬಗ್ಗಿ, ಅರಿವೆ ಕಟ್ಟಿದ ಆ ಕೈಯ ಮೇಲೆ ಒಂದನ್ನಿಟ್ಟಳು. ಬೆವರಿಗೆ ಕರಗಿದ ಶಾಯಿ ಅಚ್ಚಬಿಳಿ ಗಟ್ಟಿಯ ಮೇಲೆ ಅವಳ ಹೆಬ್ಬೆಟ್ಟಿನ ಗೆರೆಗಳನ್ನು ಮೂಡಿಸಿತ್ತು. ಮೊದಲ ಬುಟ್ಟಿ ಮಣ್ಣು ಬೀಳುವವರೆಗೂ ಆ ಕಪ್ಪು ಗುರುತು ಎಲ್ಲರಿಗೂ ಕಾಣುತ್ತಿತ್ತು.