ಹದಿನೆಂಟರ ಮೇಲೆ ನಿಂತ ಮುಳ್ಳು

ನಾನು ಒಂದು ಗಾಳಿ ಗೇಜು. ಟೈರಿನ ವಾಲ್ವಿಗೆ ನನ್ನ ಬಾಯಿಟ್ಟು ಒತ್ತಿದರೆ ಒಳಗೆ ಎಷ್ಟು ಗಾಳಿಯಿದೆಯೆಂದು ಮುಳ್ಳಿನಿಂದ ತೋರಿಸುತ್ತೇನೆ. ಇದು ಬಿಟ್ಟು ಬೇರೆ ಕೆಲಸ ನನಗೆ ಬರುವುದಿಲ್ಲ. ಎದುರಿಗಿದ್ದವನ ಮುಖ ನೋಡಿ ಮಾತು ಬದಲಿಸುವುದಂತೂ ಬರುವುದೇ ಇಲ್ಲ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಕೇಳದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಉತ್ತರದ ಯಾವುದೋ ಊರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನನ್ನು ಮಾಡಿದರು. ಮಾಡಿದವನು ಒಬ್ಬ ಮುದುಕ. ಬೇರೆ ಗೇಜುಗಳಿಗೆ ಅಂಕಿಗಳನ್ನು ಬಣ್ಣದಲ್ಲಿ ಬರೆಯುತ್ತಿದ್ದರು. ಈ ಮುದುಕ ಮಾತ್ರ ಹಿತ್ತಾಳೆಯ ತಟ್ಟೆಯ ಮೇಲೆ ಉಳಿ ಇಟ್ಟು ಒಂದೊಂದೇ ಗೆರೆ, ಒಂದೊಂದೇ ಅಂಕಿ ಕೊರೆದ. ಸೊನ್ನೆಯಿಂದ ನೂರ ಅರವತ್ತು ಪೌಂಡಿನವರೆಗೆ. ಮೇಲೆ ಗಾಜು ಕೂರಿಸಿದ. ಪಕ್ಕದಲ್ಲಿ ಒಂದು ಗುಂಡಿ ಇಟ್ಟ. ಆ ಗುಂಡಿ ಒತ್ತುವವರೆಗೆ ನನ್ನ ಮುಳ್ಳು ತೋರಿಸಿದ ಜಾಗ ಬಿಟ್ಟು ಕದಲುವುದಿಲ್ಲ, ಒತ್ತಿದರೆ ಸೊನ್ನೆಗೆ ಮರಳುತ್ತದೆ. ಈ ಗುಂಡಿಯ ಮಾತನ್ನು ನೆನಪಿಟ್ಟುಕೊಳ್ಳಿ.

ನನ್ನನ್ನು ಮೊದಲು ಕೊಂಡವನು ಬಳ್ಳಾರಿಯ ಲಾರಿ ಡ್ರೈವರ್ ಹುಸೇನ್‌ಸಾಬ್. ಹೋಗುವಾಗ ಗ್ರಾನೈಟ್ ಕಲ್ಲು, ಬರುವಾಗ ಕಛ್ ಕಡೆಯ ಉಪ್ಪು. ಹನ್ನೊಂದು ವರ್ಷ ಅವನ ಜೊತೆ ತಿರುಗಿದೆ. ಅವನದೊಂದು ಕಟ್ಟುನಿಟ್ಟು ಇತ್ತು. ಗಾಳಿ ನೋಡಿದವನು ಬಾಯಿ ಬಿಡಬಾರದು. ಗುಂಡಿ ಒತ್ತದೆ ನನ್ನನ್ನು ಕ್ಲೀನರ್ ಕೈಗೆ ಕೊಡುವನು. ಕ್ಲೀನರ್ ನೋಡಿ ಅಂಕಿ ಹೇಳಬೇಕು. ಇಬ್ಬರು ಕಂಡದ್ದೂ ಒಂದೇ ಆದರೆ ಮಾತ್ರ ಗುಂಡಿ ಒತ್ತಿ ಹೊರಡುವುದು. ಇಂಥ ಮನುಷ್ಯನ ಕೈಯಲ್ಲಿ ಇರುವುದೇ ನನಗೊಂದು ಮರ್ಯಾದೆಯಾಗಿತ್ತು.

ಸೊಂಟ ಹಿಡಿದುಕೊಂಡು ಲಾರಿ ಓಡಿಸುವುದನ್ನು ಬಿಟ್ಟ ದಿನ ಹುಸೇನ್‌ಸಾಬ್ ನನ್ನನ್ನು ಸಿರುಗುಪ್ಪ ರಸ್ತೆಯ ಪಂಕ್ಚರ್ ಅಂಗಡಿಯ ವನ್ನೂರಪ್ಪನಿಗೆ ಕೊಟ್ಟ. ಗೇಜಿನ ಜೊತೆಗೆ ಒಂದು ಆಸೆಯನ್ನೂ ಕೊಟ್ಟು ಹೋದ. ಕಛ್‌ನ ಬಯಲಿನಲ್ಲಿ ಕಾಡುಕತ್ತೆಗಳು ಲಾರಿಯ ಪಕ್ಕಕ್ಕೇ ಓಡಿ ಬರುತ್ತವೆ, ನೆಲ ಬಿಳುಪಾಗಿ ಮುಗಿಲಿಗೆ ಹತ್ತಿಕೊಂಡಿರುತ್ತದೆ, ಆದರೆ ಲೋಡು ಹಾಕಿಕೊಂಡವನಿಗೆ ನಿಲ್ಲಿಸಿ ನೋಡುವ ಪುಣ್ಯವಿಲ್ಲ ಎಂದ. ನೀನು ಯಾವತ್ತಾದರೂ ನಿನ್ನ ಗಾಡಿಯಲ್ಲೇ ಹೋಗು, ಬೇಕಾದಲ್ಲಿ ನಿಲ್ಲಿಸು ಎಂದ.

ವನ್ನೂರಪ್ಪ ಊರೂರಿಗೆ ಹೋಗುವವರ ಟೈರಿಗೆಲ್ಲ ಗಾಳಿ ಹಾಕಿದವನು. ತಾನು ಹೊಸಪೇಟೆ ದಾಟಿದ್ದು ಎರಡೋ ಮೂರೋ ಸಲ. ಕುಳ್ಳ, ಗಟ್ಟಿ ಆಳು, ಮುಂಗೋಪಿ. ಅಂಗಡಿಯಲ್ಲಿ ಅವನು ಹೇಳಿದ ಅಂಕಿಯೇ ಅಂಕಿ. ಯಾರೂ ಬಗ್ಗಿ ನೋಡುತ್ತಿರಲಿಲ್ಲ. ಹೆಂಡತಿ ಹಂಪಮ್ಮ ಸಿರುಗುಪ್ಪ ಕಡೆಯವಳು. ಚಿಕ್ಕಂದಿನಲ್ಲಿ ಅವರ ಎರೆ ಹೊಲದಲ್ಲಿ ಎರೆಭೂತ ಎನ್ನುವ ಹಕ್ಕಿ ನಡೆದಾಡುತ್ತಿತ್ತಂತೆ, ಕುರಿಮರಿಯಷ್ಟು ಎತ್ತರ. ಈಗ ಅದು ರಾಜಸ್ಥಾನದ ಮರುಭೂಮಿಯಲ್ಲಿ ಒಂದಿಷ್ಟು ಉಳಿದಿದೆ ಎಂದು ಪೇಪರಿನಲ್ಲಿ ಬಂದಾಗ ಅವಳು ಆ ತುಂಡನ್ನು ಕತ್ತರಿಸಿ ಗೋಡೆಗೆ ಅಂಟಿಸಿದಳು. ಅವನಿಗೆ ಕತ್ತೆ, ಅವಳಿಗೆ ಹಕ್ಕಿ. ಹೀಗೆ ಅವರ ಪ್ರಯಾಣದ ಯೋಚನೆ ಶುರುವಾಯಿತು.

ಒಂದು ಹಳೆಯ ಜೀಪು ಕೊಂಡರು. ಹಂಪಮ್ಮನ ತಮ್ಮ ಎರ್ರಿಸ್ವಾಮಿ ಪಕ್ಕದಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟಿದ್ದವನು, ಜೀಪಿನ ಹಿಂದೆ ನೀರಿನ ಕ್ಯಾನುಗಳಿಗೆ ಸ್ಟ್ಯಾಂಡು ಮಾಡಿಕೊಟ್ಟ. ಮಾಡಿಕೊಡುತ್ತಲೇ ಕಾಲೆಳೆದ.

"ಬಾವ, ಕತ್ತೆ ನೋಡಾಕ ಎರಡು ಸಾವಿರ ಕಿಲೋಮೀಟರ್ ಹೋಗಬೇಕೇನು? ನಮ್ಮ ಬಸ್‌ಸ್ಟ್ಯಾಂಡ್ ಹಿಂದೆ ಬಾ, ಬೇಕಾದಷ್ಟು ತೋರಿಸ್ತೀನಿ."

"ಅವು ಕಟ್ಟಿಹಾಕಿದ ಕತ್ತೆ ಕಣೋ. ನಾನು ನೋಡಬೇಕಾಗಿರೋದು ಕಟ್ಟದೇ ಇರೋವನ್ನ."

"ಕಟ್ಟಿಕೊಂಡಿದ್ದು ಬ್ಯಾಸರ ಆಗೈತೆ ಅವರಿಗೆ" ಎಂದಳು ಹಂಪಮ್ಮ, ಒಳಗಿಂದ.

ಟೈರ್ ಕಂಪನಿಯ ಕ್ಯಾಲೆಂಡರಿನ ಹಾಳೆಗಳ ಹಿಂದೆ ವನ್ನೂರಪ್ಪ ಎಲ್ಲವನ್ನೂ ಬರೆದ. ಜನವರಿಯಲ್ಲಿ ಹೊರಡುವುದು, ಹತ್ತೊಂಬತ್ತು ದಿನ. ಯಾವ ದಿನ ಯಾವ ಊರು, ಎಲ್ಲಿ ಡೀಸೆಲ್, ಎಲ್ಲಿ ಅರಣ್ಯ ಇಲಾಖೆಯ ಪರವಾನಗಿ. ಸ್ಟೆಪ್ನಿ ಎರಡು, ಸಲಿಕೆ ಒಂದು, ಮರಳಿನಲ್ಲಿ ಚಕ್ರ ಹೂತರೆ ಕೆಳಗೆ ಕೊಡಲು ಹಲಗೆ ಎರಡು. ಕಟಕ ರೊಟ್ಟಿ ಎಷ್ಟು, ಶೇಂಗಾ ಚಟ್ನಿಪುಡಿ ಎಷ್ಟು ಎನ್ನುವುದು ಹಂಪಮ್ಮನ ಅಕ್ಷರದಲ್ಲಿತ್ತು. ಗಾಳಿಯದ್ದೇ ಬೇರೆ ಹಾಳೆ. ಮರಳಿಗೆ ಇಳಿಯುವ ಮುಂಚೆ ಗಾಳಿ ಬಿಟ್ಟು ಹದಿನೆಂಟಕ್ಕೆ ತರುವುದು, ಆಗ ಟೈರು ಅಗಲವಾಗಿ ಮರಳಿನ ಮೇಲೆ ತೇಲುತ್ತದೆ. ಡಾಂಬರು ರಸ್ತೆ ಹತ್ತುವ ಮುಂಚೆ ಮತ್ತೆ ತುಂಬಿ ಮೂವತ್ತೆರಡು ಮಾಡುವುದು, ಇಲ್ಲದಿದ್ದರೆ ಟೈರು ಕಾದು ಹರಿಯುತ್ತದೆ. ಅದರ ಕೆಳಗೆ ಎರಡು ಗೆರೆ ಎಳೆದು ಬರೆದಿದ್ದ: ಗೇಜು ಇಬ್ಬರೂ ನೋಡಬೇಕು.

ಎರಡು ವರ್ಷ ಇದೇ ಕೆಲಸ. ಭಾನುವಾರ ಬಂತೆಂದರೆ ಹಾಳೆಗಳು ನೆಲದ ಮೇಲೆ ಹರಡುತ್ತಿದ್ದವು.

ಎರಡನೆಯ ವರ್ಷದ ಮಳೆಗಾಲದಲ್ಲಿ ನನಗೆ ಅನುಮಾನ ಬಂತು. ವನ್ನೂರಪ್ಪ ನನ್ನನ್ನು ಬೆಳಕಿಗೆ ಹಿಡಿದು, ಓರೆ ಮಾಡಿ ನೋಡತೊಡಗಿದ. ಆಮೇಲೆ ಗಿರಾಕಿಯನ್ನೇ ಕೇಳತೊಡಗಿದ: ಎಷ್ಟು ಐತೆ ಹೇಳು ನೋಡಾಣ, ನಿನಗೆ ಗೇಜು ನೋಡಾಕ ಬರ್ತದೋ ಇಲ್ಲೋ. ಗಿರಾಕಿ ನಗುತ್ತ ಅಂಕಿ ಹೇಳುವನು. ಇವನು ಶಹಬ್ಬಾಸ್ ಎನ್ನುವನು. ಎಲ್ಲರೂ ತಮಾಷೆ ಎಂದುಕೊಂಡರು. ನನಗೆ ಮಾತ್ರ ತಿಳಿಯಿತು, ಇವನಿಗೆ ನಾನು ಕಾಣುತ್ತಿಲ್ಲ.

ಒಂದು ದಿನ ನನ್ನನ್ನು ಜೇಬಿನಲ್ಲಿಟ್ಟುಕೊಂಡೇ ಕಣ್ಣಿನ ಡಾಕ್ಟರ ಹತ್ತಿರ ಹೋದ. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಗೆ ಹತ್ತಿದೆ, ತಿಂಗಳಿಗೊಂದು ಇಂಜೆಕ್ಷನ್ ತಪ್ಪದೆ ತೆಗೆದುಕೊಂಡರೆ ಇದ್ದಷ್ಟಾದರೂ ಉಳಿಯಬಹುದು, ಗಾಡಿ ಮಾತ್ರ ಇವತ್ತಿನಿಂದಲೇ ಬಿಡಬೇಕು ಎಂದರು ಡಾಕ್ಟರು. ಇವನು ತಲೆಯಾಡಿಸಿದ. ಒಂದು ಇಂಜೆಕ್ಷನ್ ಆಯಿತು. ಹೋದಾಗಲೆಲ್ಲ ಗಾಡಿ ಬಿಟ್ಟಿರೋ ಇಲ್ಲವೋ ಎಂದು ಡಾಕ್ಟರು ಕೇಳುತ್ತಾರೆಂದು ಎರಡನೆಯದಕ್ಕೆ ಹೋಗಲಿಲ್ಲ. ಮನೆಯಲ್ಲಿ ಕನ್ನಡಕದ ನಂಬರು ಏರಿದೆ ಎಂದ. ಜನವರಿಗೆ ಇನ್ನು ಮೂರು ತಿಂಗಳಿತ್ತು. ಅಷ್ಟರವರೆಗೆ ಕಣ್ಣು ತಡೆದರೆ ಸಾಕು, ಆ ಕತ್ತೆಗಳು ಓಡುವುದನ್ನು ಒಂದು ಸಲ ಕಂಡರೆ ಸಾಕು, ಆಮೇಲೆ ಏನಾದರೂ ಆಗಲಿ ಎಂದು ಅಂಗಡಿಯಲ್ಲಿ ಒಬ್ಬನೇ ಇದ್ದಾಗ ಗೊಣಗುತ್ತಿದ್ದ. ಹಂಪಮ್ಮನಿಗೆ ಹೇಳಿದರೆ ಅವಳು ಹೊರಡಲು ಬಿಡುವುದಿಲ್ಲ ಎನ್ನುವುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕತ್ತೆ ನೋಡಲು ಕಣ್ಣು ಬೇಕು, ಕಣ್ಣಿಗೆ ಇಂಜೆಕ್ಷನ್ ಬೇಕು. ಇಷ್ಟು ತಿಳಿಯದ ಪೆದ್ದನನ್ನು ಕಂಡು ನಾನು ಜೇಬಿನಲ್ಲೇ ಹಲ್ಲು ಕಡಿದೆ.

ಡಿಸೆಂಬರಿನಲ್ಲಿ ಒಂದು ಸಲ ಮರಳಿನಲ್ಲಿ ಓಡಿಸಿ ನೋಡೋಣ ಎಂದು ಗಂಡ ಹೆಂಡತಿ ಮೋಕಾ ಹತ್ತಿರ ಹಗರಿ ಹೊಳೆಗೆ ಹೋದರು. ಬೆಳಗಿನ ಹತ್ತು ಗಂಟೆ. ಹಗರಿಯಲ್ಲಿ ನೀರಿಗಿಂತ ಮರಳೇ ಹೆಚ್ಚು, ಗಾಳಿ ಬೀಸಿ ದಿಬ್ಬ ದಿಬ್ಬವಾಗಿ ನಿಂತಿರುತ್ತದೆ. ದಂಡೆಯಲ್ಲಿ ನಾಲ್ಕೂ ಟೈರಿನ ಗಾಳಿ ಬಿಟ್ಟರು. ಹದಿನೆಂಟು ಬಂದಿದೆಯೋ ಇಲ್ಲವೋ ಎಂದು ಹಂಪಮ್ಮನನ್ನೇ ಕೇಳಿದ, ಅವಳು ಕಲಿಯಲಿ ಎನ್ನುವ ನೆಪದಲ್ಲಿ. ಅವಳು ಸರಿಯಾಗಿಯೇ ಹೇಳಿದಳು. ಜೀಪು ಮರಳಿನ ಮೇಲೆ ದೋಣಿಯಂತೆ ಹೋಯಿತು. ಹಂಪಮ್ಮ ಸೆರಗು ಬಿಗಿಹಿಡಿದು ಎಳೆಯ ಹುಡುಗಿಯಂತೆ ನಕ್ಕಳು. ಅವನೂ ನಕ್ಕ. ಅವರಿಬ್ಬರೂ ಒಟ್ಟಿಗೆ ಹಾಗೆ ನಕ್ಕದ್ದನ್ನು ನಾನು ಆಮೇಲೆ ಕೇಳಲಿಲ್ಲ.

ವಾಪಸು ರಸ್ತೆ ಹತ್ತುವ ಮುಂಚೆ ಬ್ಯಾಟರಿಗೆ ಸಿಕ್ಕಿಸುವ ಪಂಪಿನಿಂದ ಗಾಳಿ ತುಂಬಿದ. ಹಂಪಮ್ಮ ಸ್ವಲ್ಪ ದೂರದಲ್ಲಿ ಹಲಗೆಗಳ ಮರಳು ಕೊಡವುತ್ತಿದ್ದಳು. ಮೂರು ಟೈರು ಸರಿಹೋದವು. ನಾಲ್ಕನೆಯದು ಮುಂದಿನ ಎಡಗಡೆಯದು. ಪೈಪಿನ ಬಾಯಿ ವಾಲ್ವಿನ ಮೇಲೆ ಸರಿಯಾಗಿ ಕೂತಿರಲಿಲ್ಲ. ಪಂಪು ಬಡಿದುಕೊಂಡಿತೇ ಹೊರತು ಒಳಗೆ ಗಾಳಿ ಹೋಗಲಿಲ್ಲ. ಅವನು ನನ್ನನ್ನು ಒತ್ತಿದ. ನಾನು ಹದಿನೆಂಟು ತೋರಿಸಿದೆ. ನೂರ ಅರವತ್ತರವರೆಗೆ ಗೆರೆಯಿರುವ ನನ್ನ ಮೈಮೇಲೆ ಹದಿನೆಂಟಕ್ಕೂ ಮೂವತ್ತೆರಡಕ್ಕೂ ನಡುವೆ ಇರುವುದು ಒಂದು ಕಡಲೆಕಾಳಿನಷ್ಟು ಜಾಗ. ಅವನು ಕಣ್ಣು ಕಿರಿದು ಮಾಡಿ ನೋಡಿದ. ಟೈರಿಗೆ ಒಂದು ಸಲ ಒದ್ದ. ಸರಿ ಎಂದುಕೊಂಡ.

ಗಿರಾಕಿಗಳಿಗೆ ತೋರಿಸಿ ತೋರಿಸಿ ಬಂದ ಅಭ್ಯಾಸ, ಗುಂಡಿ ಒತ್ತದೆಯೇ ಜೀಪು ಹತ್ತಿದ. ಪಕ್ಕದಲ್ಲಿ ಬಂದು ಕೂತ ಹಂಪಮ್ಮನ ಕಡೆ ಕೈ ಚಾಚಿದವನು ಎಲ್ಲಿ ಕಣ್ಣಿನ ಗುಟ್ಟು ಬಯಲಾಗುತ್ತದೋ ಎಂದು ಹಿಂದಕ್ಕೆಳೆದು, ನನ್ನನ್ನು ಸ್ಟೇರಿಂಗ್ ಮುಂದಿನ ತಟ್ಟೆಯಲ್ಲಿಟ್ಟ. ಆದರೆ ಅವಳು ನೋಡಿಬಿಟ್ಟಿದ್ದಳು.

"ಇದು ಹದಿನೆಂಟರಾಗೇ ಐತಲ್ರಿ."

"ಮೂವತ್ತೆರಡು ಐತೆ."

"ಇನ್ನೊಂದು ಸಲ ನೋಡ್ರಿ ಅಂದೆ."

"ಇಪ್ಪತ್ತೇಳು ವರ್ಷದಿಂದ ಗಾಳಿ ಹಾಕೋನು ನಾನೋ ನೀನೋ? ಸುಮ್ಮನೆ ಕೂಡು."

ಅವಳು ಸುಮ್ಮನೆ ಕೂತಳು. ಹೊರಗೆ ನೋಡಿದಳು. ನನಗೆ ದನಿಯಿದ್ದಿದ್ದರೆ ಆ ಜೀಪಿನ ಗಾಜು ಒಡೆಯುವಂತೆ ಕೂಗುತ್ತಿದ್ದೆ.

ಒಂಬತ್ತು ಕಿಲೋಮೀಟರ್ ಬಂದಿರಬಹುದು. ಟೈರು ಕಾದು ಹರಿಯಿತು. ಜೀಪು ಎಡಕ್ಕೆ ಎಳೆದುಕೊಂಡು ಹೋಗಿ ಮೆಣಸಿನಕಾಯಿ ಹೊಲದಲ್ಲಿ ಮಗುಚಿತು. ನಾನು ಹಾರಿ ಒಂದು ಕಲ್ಲಿಗೆ ಬಡಿದೆ. ಗಾಜು ಪುಡಿಯಾಯಿತು, ಮುಳ್ಳಿನ ಬುಡ ಸೊಟ್ಟಗಾಗಿ ಮುಳ್ಳು ಹದಿನೆಂಟರಲ್ಲೇ ಕಚ್ಚಿಕೊಂಡಿತು, ಗುಂಡಿ ಒಳಗೆ ಸಿಕ್ಕಿಕೊಂಡಿತು. ವನ್ನೂರಪ್ಪನಿಗೆ ತರಚಿದ ಗಾಯ. ಹಂಪಮ್ಮನ ಬಲಗೈ ಕಬ್ಬಿಣದ ಕಂಬಿಯ ಕೆಳಗೆ ಸಿಕ್ಕಿತ್ತು.

ಹೊಲದವರು ಜೀಪು ಎತ್ತಿ ಅವಳನ್ನು ಬದುವಿನ ಮೇಲೆ ಕೂರಿಸಿದರು. ಬಲಗೈ ಜೋತಾಡುತ್ತಿತ್ತು. ಕಾಲ ಬಳಿ ಬಿದ್ದಿದ್ದ ನನ್ನನ್ನು ಅವಳು ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಎಡಗೈಯಿಂದ ಎತ್ತಿ ತನ್ನ ಬಟ್ಟೆಚೀಲದೊಳಗೆ ಹಾಕಿಕೊಂಡಳು. ಆಮೇಲೆ ಪೊಲೀಸರು ಕೇಳಿದಾಗ, ಎರ್ರಿಸ್ವಾಮಿ ಕೇಳಿದಾಗ ವನ್ನೂರಪ್ಪ ಹೇಳಿದ್ದು ಒಂದೇ ಮಾತು, ಟೈರು ಮೋಸ ಮಾಡಿತು. ಗಾಳಿ ನೋಡಿಕೊಂಡೇ ಹೊರಟಿದ್ದೆ ಎಂದ. ಹಂಪಮ್ಮನೂ ಹೌದೆಂದಳು. ನಾನು ಚೀಲದೊಳಗೆ ಹದಿನೆಂಟು ಎಂದು ಸಾರುತ್ತಲೇ ಇದ್ದೆ. ಕೇಳುವವರಾರು?

ಅವಳ ಮೊಣಕೈ ಮತ್ತೆ ನೆಟ್ಟಗಾಗಲಿಲ್ಲ. ಜೀಪನ್ನು ಇಟ್ಟಿಗೆ ಭಟ್ಟಿಯವನು ತೆಗೆದುಕೊಂಡು ಹೋದ. ಜನವರಿ ಬಂತು, ಹೋಯಿತು. ಆಸ್ಪತ್ರೆಯ ಓಡಾಟದಲ್ಲಿ ಇಂಜೆಕ್ಷನ್ ಮಾತೇ ಬರಲಿಲ್ಲ, ಅವನೂ ತೆಗೆಯಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಅವನಿಗೆ ಬಾಗಿಲು ಯಾವುದು ಗೋಡೆ ಯಾವುದು ಎನ್ನುವಷ್ಟು ಮಾತ್ರ ಕಾಣುತ್ತಿತ್ತು. ಅದರ ಮುಂದಿನದಕ್ಕೆ ಅದೂ ಇಲ್ಲ. ಅಂಗಡಿಯ ಶಟರ್ ಎಳೆದರು. ಗೇಜು ಎಲ್ಲಿ ಎಂದು ಒಂದು ಸಲ ಕೇಳಿದ. ಹೊಲದಲ್ಲೇ ಕಳೆದುಹೋಯಿತು ಎಂದಳು. ಅವನಿಗೆ ಒಳಗೊಳಗೇ ಸಮಾಧಾನವಾಗಿರಬೇಕು.

ಕಳೆದುಹೋಗಿರಲಿಲ್ಲ. ಪ್ರಯಾಣಕ್ಕೆಂದು ತಂದಿದ್ದ ದೊಡ್ಡ ರೊಟ್ಟಿ ಡಬ್ಬಿಯೊಳಗೆ, ಆ ಕ್ಯಾಲೆಂಡರ್ ಹಾಳೆಗಳಲ್ಲೇ ನನ್ನನ್ನು ಸುತ್ತಿ ಅಟ್ಟದ ಮೇಲಿಟ್ಟಿದ್ದಳು. ಎರಡು ವರ್ಷ ಅಲ್ಲಿ ಬಿದ್ದಿದ್ದೆ.

ಹೋದ ತಿಂಗಳು ಅಟ್ಟ ಗುಡಿಸಲು ಡಬ್ಬಿಗಳನ್ನು ಕೆಳಗಿಳಿಸಿಟ್ಟು ಹಂಪಮ್ಮ ಗಿರಣಿಗೆ ಹೋಗಿದ್ದಳು. ಮಟಮಟ ಮಧ್ಯಾಹ್ನ. ಹಸಿದ ವನ್ನೂರಪ್ಪ ತಡಕಾಡಿ ಡಬ್ಬಿ ತೆಗೆದ. ಕೈಗೆ ರೊಟ್ಟಿ ಸಿಗಲಿಲ್ಲ, ಕಾಗದ ಸಿಕ್ಕಿತು. ಕಾಗದದೊಳಗೆ ನಾನು. ಹಿಡಿದ ಕೂಡಲೇ ಅವನ ಕೈ ನನ್ನ ಗುರುತು ಹಿಡಿಯಿತು. ಹೆಬ್ಬೆರಳು ಗಾಜಿರಬೇಕಾದ ಜಾಗಕ್ಕೆ ಹೋಯಿತು. ಗಾಜಿರಲಿಲ್ಲ. ಬೆರಳು ಒಳಗಿಳಿದು ಮುಳ್ಳನ್ನು ಮುಟ್ಟಿತು, ಮುಳ್ಳಿನ ತುದಿಯವರೆಗೆ ಹೋಯಿತು, ಅಲ್ಲಿಂದ ಸೊನ್ನೆಯವರೆಗೆ ಗೆರೆಗಳನ್ನು ಒಂದೊಂದಾಗಿ ಎಣಿಸಿತು. ಆ ಮುದುಕ ಬಣ್ಣ ಬಳಿಯದೆ ಕೊರೆದಿದ್ದ ಗೆರೆಗಳು. ಮತ್ತೆ ಎಣಿಸಿತು. ವರ್ಷಗಳ ಮೇಲೆ ವನ್ನೂರಪ್ಪ ನನ್ನನ್ನು ಸರಿಯಾಗಿ ಓದಿದ.

ಹಂಪಮ್ಮ ಬಂದಾಗ ಅವನು ನೆಲದ ಮೇಲೆ ಕೂತೇ ಇದ್ದ. ಅವಳು ಹಿಟ್ಟಿನ ಚೀಲ ಇಳಿಸಿದಳು.

"ನಿನಗೆ ಗೊತ್ತಿತ್ತು" ಎಂದ.

"ಗೊತ್ತಿತ್ತು."

"ನನಗೆ ಕಣ್ಣು ಕಾಣ್ತಿರಲಿಲ್ಲ ಹಂಪಮ್ಮ. ಡಾಕ್ಟರು ಗಾಡಿ ಬಿಡು ಅಂದಿದ್ರು. ನಿನ್ನ ಕೈ ಮುರಿದಿದ್ದು ಟೈರಲ್ಲ, ನಾನು." ಮುಳ್ಳನ್ನು ಮತ್ತೊಮ್ಮೆ ಮುಟ್ಟಿ ಕೇಳಿದ, "ಎರಡು ವರ್ಷ ಯಾಕೆ ಬಾಯಿ ಬಿಡಲಿಲ್ಲ?"

"ಅವತ್ತೇ ಹೇಳಿದ್ದೆನಲ್ಲ. ಸುಮ್ಮನೆ ಕೂಡು ಅಂದ್ರಿ. ಕೂತೆ."

ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವನು ಮುಖವನ್ನು ಗೋಡೆ ಕಡೆ ತಿರುಗಿಸಿದ. ಅವಳು ಎಡಗೈಯಿಂದ ಹಾಳೆಗಳನ್ನು ಒಟ್ಟುಮಾಡಿದಳು, ಮಡಚಲಿಲ್ಲ. ಕೊನೆಯ ಹಾಳೆಯನ್ನು ಹಿಡಿದು ನಿಂತಳು. ಎರಡು ಗೆರೆ ಎಳೆದದ್ದನ್ನು ಓದಿರಬೇಕು. ಬಂದು ಅವನ ಪಕ್ಕದಲ್ಲಿ ಕೂತಳು.

ಅವನು ನನ್ನ ಗುಂಡಿಯ ಮೇಲೆ ಬೆರಳಿಟ್ಟು ನೋಡಿದ. ಅದು ಒಳಗೆ ಸಿಕ್ಕಿಕೊಂಡದ್ದು, ಏನೂ ಆಗಲಿಲ್ಲ. ಅಂಕಿ ಹೇಳದೆ ನನ್ನನ್ನು ಅವಳ ಕೈಗೆ ಕೊಟ್ಟ. ಹುಸೇನ್‌ಸಾಬ್ ಕೊಡುತ್ತಿದ್ದ ಹಾಗೆಯೇ.

"ಹದಿನೆಂಟು" ಎಂದಳು ಹಂಪಮ್ಮ.

"ಹದಿನೆಂಟು" ಎಂದ ವನ್ನೂರಪ್ಪ.

ಈಗ ನಾನು ಕಿಟಕಿಯ ಹಲಗೆಯ ಮೇಲೆ ಬಿದ್ದಿದ್ದೇನೆ. ಕತ್ತೆಗಳು ಅಲ್ಲೆಲ್ಲೋ ಓಡುತ್ತಿರಬಹುದು, ಆ ಹಕ್ಕಿಯೂ ಒಂದೋ ಎರಡೋ ಉಳಿದಿರಬಹುದು. ಇವರು ನೋಡುವುದಿಲ್ಲ. ನಿಜ ಹೇಳಿಬಿಟ್ಟರೆ ಕೆಲಸ ಮುಗಿಯಿತು ಎಂದುಕೊಂಡೇ ನಾನು ಇಷ್ಟು ವರ್ಷ ಸಿಟ್ಟಿನಲ್ಲಿ ಬದುಕಿದೆ. ಮುಗಿಯುವುದಿಲ್ಲ, ಇನ್ನೊಬ್ಬರು ನೋಡಬೇಕು, ನೋಡಲು ಬಿಡಬೇಕು. ಹಾಳೆಯಲ್ಲಿ ಬರೆದಿದ್ದ ಹಾಗೆ ಕೊನೆಗೂ ಗೇಜನ್ನು ಇಬ್ಬರೂ ನೋಡಿದರು. ಹೊರಡಲು ಗಾಡಿ ಇರಲಿಲ್ಲ.