ಚಲುವರಾಜು ಮೇಷ್ಟ್ರು ಬಿಚ್ಚಿದ ಗಂಟು

ಎಂಟರ್ ಕೀಲಿ ಒತ್ತುವ ಮೊದಲು ಕಾಲಿನ ಚಪ್ಪಲಿ ಕಳಚಿಡುವ ಪ್ರೋಗ್ರಾಮರ್ ಲೋಕದಲ್ಲಿ ಬಹುಶಃ ಚಲುವರಾಜು ಮೇಷ್ಟ್ರೊಬ್ಬರೇ. ಎದುರುಗಾಳಿಯನ್ನು ಸೀಳಿಕೊಂಡು ಹೊರಟವರಂತೆ ಮುಂದಕ್ಕೆ ಬಾಗಿದ ನಡಿಗೆ, ಜೇಬಿನಲ್ಲಿ ಇನ್ನೂ ಸೀಮೆಸುಣ್ಣದ ಪುಡಿ ಉಳಿದಿರುವ ಕಂದು ಕೋಟು, ಮಾತಿಗೊಮ್ಮೆ ‘ಅಂದ್ರೆ ಏನಪ್ಪಾ ಅಂದ್ರೆ’. ಗಣಿತ ಪಾಠ ಹೇಳಿ ನಿವೃತ್ತರಾದ ಮೇಲೆ ಯೂಟ್ಯೂಬ್ ನೋಡಿ ಜಾವಾಸ್ಕ್ರಿಪ್ಟ್ ಕಲಿತು, ಚುಂಚನಕಟ್ಟೆ ಸುತ್ತಿನ ರೈತರು ತಮ್ಮ ನಾಲೆನೀರಿನ ಸರದಿಯನ್ನು ಮೊಬೈಲಿನಲ್ಲೇ ನೋಡಿಕೊಳ್ಳಲೆಂದು ವೆಬ್ ಪುಟವೊಂದನ್ನು ಅವರು ಕಟ್ಟಿದ್ದರು.

ಪುಟ ತೆರೆದ ಮೊದಲ ಬೆಳಿಗ್ಗೆಯೇ ಚಿಕ್ಕಬೀರಮ್ಮ ಮೊಬೈಲ್ ಹಿಡಿದು ಬಂದಳು. ಅವಳ ಭತ್ತದ ಒಟ್ಲು, ನಾಟಿಗೆ ಬೆಳೆಸಿದ ಪೈರು, ನೀರಿಲ್ಲದೆ ಬಾಡುತ್ತಿತ್ತು. ಅವಳ ಹಿಂದೆ, ಆಗಷ್ಟೇ ಬೀದಿಯಲ್ಲಿ ಎಲ್ಲರೆದುರು ಅವಳಿಂದ ಬೈಸಿಕೊಂಡಿದ್ದ ಪಕ್ಕದ ಗದ್ದೆಯ ಮಂಚಯ್ಯ. ಪರದೆಯ ಮೇಲೆ ಇದ್ದದ್ದು ಎರಡೇ ಮಾತು: ‘ಆಬ್ಜೆಕ್ಟ್ ಆಬ್ಜೆಕ್ಟ್’.

“ಮೇಷ್ಟ್ರೇ, ನನ್ ನೀರಿಗೆ ಇವ್ನು ಆಬ್ಜೆಕ್ಷನ್ ಆಕವ್ನೆ. ಅದೂ ಎಲ್ಡ್ ಸಲ!”

“ನಾನ್ಯಾಕ್ ಆಕ್ಲಿ ಕಣಕ್ಕ? ನಂಗೆ ಸೈನ್ ಮಾಡಕ್ಕೇ ಬರಾಕಿಲ್ಲ!”

ಮೇಷ್ಟ್ರು ಕಂಪ್ಯೂಟರ್ ತೆರೆದು ನೋಡಿದರು. ಸರದಿ ಹುಡುಕಲು ಅವರು ಬರೆದಿದ್ದ ಫಂಕ್ಷನ್ನು ದಿನ, ಹೊತ್ತು, ತೂಬು ಮೂರನ್ನೂ ‘ಆಬ್ಜೆಕ್ಟ್’ ಎಂಬ ಒಂದೇ ಗಂಟಿನಲ್ಲಿ ಕಟ್ಟಿ ಪ್ರಾಮಾಣಿಕವಾಗಿ ಮರಳಿಸಿತ್ತು. ಇವರು ಗಂಟು ಬಿಚ್ಚದೆ ಗಂಟನ್ನೇ ಪರದೆಗೆ ಅಂಟಿಸಿಬಿಟ್ಟಿದ್ದರು.

“ಅಂದ್ರೆ ಏನಪ್ಪಾ ಅಂದ್ರೆ, ಒಳಗಿರೋದನ್ನ ಹೆಸರು ಹಿಡಿದು ಕೇಳ್ಬೇಕಿತ್ತು.” ಆಬ್ಜೆಕ್ಟಿನ ಮುಂದೊಂದು ಚುಕ್ಕೆಯಿಟ್ಟು, ‘ದಿನ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಚಪ್ಪಲಿ ಕಳಚಿ ಎಂಟರ್ ಒತ್ತಿದರು. ‘ಅನ್‌ಡಿಫೈನ್ಡ್’, ಆ ಹೆಸರಿನದೇನೂ ಇಲ್ಲ, ಎಂದಿತು ಪರದೆ.

“ಇದು ಮೂರ್ನೇ ಆಬ್ಜೆಕ್ಷನ್ನಾ?” ಎಂದಳು ಚಿಕ್ಕಬೀರಮ್ಮ.

ಗಂಟಿನೊಳಗಿನ ಹೆಸರಿನಲ್ಲಿ ಚಿಕ್ಕ ‘ಡಿ’ ಇತ್ತು, ಮೇಷ್ಟ್ರು ಬರೆದದ್ದು ದೊಡ್ಡ ‘ಡಿ’. ಅದನ್ನು ತಿದ್ದಿ, ಹೊತ್ತು, ತೂಬುಗಳಿಗೂ ಚುಕ್ಕೆಯಿಟ್ಟರು. ಈಗ ಬಂತು: ಗುರುವಾರ, ಬೆಳಿಗ್ಗೆ ಏಳರಿಂದ ಹತ್ತು, ಮೂರನೇ ತೂಬು.

ಅಂದು ಗುರುವಾರ. ಆಗಲೇ ಒಂಬತ್ತು ಗಂಟೆ.

ಬೈಗುಳ ಮರೆತ ಮಂಚಯ್ಯ ಗುದ್ದಲಿಗೆ ಓಡಿದ. “ನೀ ಮೆಲ್ಲಗ್ ಬಾ ಅಕ್ಕ, ನಾ ನೀರಿನ್ ಮಡೆ ತಿರುಗುಸ್ತೀನಿ!” ಹತ್ತರೊಳಗೆ ಮುಕ್ಕಾಲು ಒಟ್ಲು ನೆನೆಯಿತು, ಮಿಕ್ಕಿದ್ದಕ್ಕೆ ಅವನು ತನ್ನ ಸರದಿಯ ನೀರನ್ನೇ ಬಿಟ್ಟ. ಮೇಷ್ಟ್ರು ಮಾತ್ರ ಗದ್ದೆಗೆ ಹೋಗಲಿಲ್ಲ. ಮಂಚಯ್ಯ ಬೈಸಿಕೊಂಡಿದ್ದ ಬೀದಿಯಲ್ಲಿ ನಿಂತು, ತರಗತಿಯ ಗಂಟಲಿನಲ್ಲಿ ಸಾರಿದರು: “ತಪ್ಪು ನಂದು. ಮಂಚಯ್ಯಂದಲ್ಲ.”

ಜನ್ಮವಿಡೀ ಪರರ ತಪ್ಪು ತಿದ್ದಿದವರಿಗೆ ಸ್ವಂತ ತಪ್ಪು ಸಿಕ್ಕಾಗ ವಿಚಿತ್ರ ಉತ್ಸಾಹವೊಂದು ಬರುತ್ತದೆಂದು ಕಾಣುತ್ತದೆ. ಇಂಥವರಿಂದ ಊರಿಗೆ ಆಗಾಗ ಫಜೀತಿ ತಪ್ಪಿದ್ದಲ್ಲ. ಆದರೆ ಫಜೀತಿ ಯಾರಿಂದಾಯಿತೆಂದು ಹುಡುಕುವ ಕಷ್ಟ ಮಾತ್ರ ಊರಿಗಿರುವುದಿಲ್ಲ.